ಮಂಡಿಯೊಳಗಿನ ಸಿಂಬೆ

ಒಂದೇ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಎರಡು ಮಂಡಿಗಳು ಕೆಟ್ಟವು. ಒಂದು 19 ವರ್ಷದ್ದು, ಇನ್ನೊಂದು 47 ವರ್ಷದ್ದು. ಹತ್ತೊಂಬತ್ತರ ಮಂಡಿಗೆ ಮಾರನೇ ದಿನವೇ ಬಾಗಿಲಿಗೆ ಕಾರು ಬಂತು. ನಲವತ್ತೇಳರ ಮಂಡಿಗೆ ಎರಡು ತಿಂಗಳು ನೋವಿನೆಣ್ಣೆಯೇ ಗತಿ. ಆ ನಲವತ್ತೇಳರದ್ದು ಯಾರದೆಂದು ಬೇರೆ ಹೇಳಬೇಕೆ? ನನ್ನದೇ.

ನನ್ನ ತವರು ಸೊರಬದ ಕಡೆ ಒಂದು ಹಳ್ಳಿ. ಕೊಟ್ಟಿದ್ದು ಶಿಕಾರಿಪುರಕ್ಕೆ. 2022ರ ನವೆಂಬರಿನಲ್ಲಿ ಅಡಿಕೆ ಕೊಯ್ಲಿಗೆಂದು ತವರಿಗೆ ಹೋಗಿದ್ದೆ. ಅತ್ತಿಗೆ ಒಬ್ಬಳೇ ಒದ್ದಾಡ್ತಾಳೆ, ನಾಲ್ಕು ದಿನ ಕೈಯಾಡಿಸಿ ಬರೋಣ ಅಂತ. ಸಂಜೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಚೆಲ್ಲಿದ ಅಡಿಕೆ ಹೆಕ್ಕಿ ಬುಟ್ಟಿಗೆ ತುಂಬಿದೆ. ಬುಟ್ಟಿ ಎತ್ತಿಕೊಂಡು ಏಳುವಾಗ ಕಾಲು ಒಂದಿಷ್ಟು ತಿರುಚಿತು ನೋಡಿ, ಎಡಮಂಡಿಯ ಹಿಂಭಾಗದಲ್ಲಿ 'ಟಕ್' ಅಂತ ಸದ್ದು. ಒಣಕಡ್ಡಿ ಮುರಿದ ಹಾಗೆ. ಕಣ್ಣು ಕತ್ತಲೆ ಬಂತು. ಬುಟ್ಟಿ ಮಾತ್ರ ಬಿಡಲಿಲ್ಲ. ನಮ್ಮ ಬುದ್ಧಿಯೇ ಹಾಗೆ ಅಲ್ವೆ, ಅಡಿಕೆ ಚೆಲ್ಲಿದರೆ ಮತ್ತೆ ಹೆಕ್ಕಬೇಕಲ್ಲ!

"ವಯಸ್ಸಾಯ್ತು ಮಾರಾಯ್ತಿ, ವಾಯು ಹಿಡ್ದಿರಬೇಕು" ಅಂದರು ಒಬ್ಬರು. ಎಣ್ಣೆ ಕಾಯಿಸಿ ಹಚ್ಚಿದ್ದಾಯಿತು, ಉಪ್ಪಿನ ಶಾಖ ಆಯಿತು. ಊರಿಗೆ ಬಂದ ಮೇಲೆ ಎಕ್ಸ್‌ರೇ ಕೂಡ ತೆಗೆಸಿದೆವು. "ಮೂಳೆ ಚೆನ್ನಾಗಿದೆ, ಏನೂ ಇಲ್ಲ" ಅಂದರು. ಮೂಳೆ ಚೆನ್ನಾಗಿದ್ದ ಮೇಲೆ ನೋಯುತ್ತೆ ಅಂದರೆ ಯಾರು ನಂಬುತ್ತಾರೆ? ನಾನೇ ನನ್ನನ್ನು ನಂಬಲಿಲ್ಲ. ಮಹಡಿಗೆ ಬಟ್ಟೆ ಒಣಹಾಕಲು ಹೋಗುವಾಗ ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿಯುತ್ತಿದ್ದೆ. ಅದೂ ಯಾರೂ ನೋಡದಿದ್ದಾಗ.

ಜನವರಿಯಲ್ಲಿ ಎರಡನೇ ಮಂಡಿಯ ಸರದಿ. ನಮ್ಮಣ್ಣನ ಮಗ ನಮ್ಮ ಮನೆಯಲ್ಲಿದ್ದುಕೊಂಡೇ ಕಾಲೇಜಿಗೆ ಹೋಗುತ್ತಿದ್ದ. ಕಬಡ್ಡಿ ಹುಚ್ಚು. ಒಂದು ಸಂಜೆ ನಾಲ್ಕು ಹುಡುಗರು ಎತ್ತಿಕೊಂಡು ಬಂದರು. ಮಂಡಿ ಅರ್ಧ ಮಡಚಿದ್ದು ಹಾಗೇ ಸಿಕ್ಕಿಹಾಕಿಕೊಂಡಿದೆ, ಬಾಗಿಲಿಗೆ ಕಲ್ಲು ಸಿಕ್ಕಿದಂತೆ. ನೀಡಲೂ ಆಗದು, ಮಡಚಲೂ ಆಗದು. ಸೊರಬದಿಂದ ರಾತ್ರಿಯೇ ಅಣ್ಣ ಬಂದ. ಬೆಳಿಗ್ಗೆ ಶಿವಮೊಗ್ಗಕ್ಕೆ ಹೊರಟೆವು. ಹುಡುಗನ ಜೊತೆ ಹೆಂಗಸು ಒಬ್ಬಳಿರಲಿ ಅಂತ ನಾನೂ ಹತ್ತಿದೆ.

ಅಲ್ಲಿ ಅವನಿಗೆ ಎಂ.ಆರ್.ಐ. ಮಾಡಿಸಿದರು. ಡಾಕ್ಟರು ಚಿತ್ರ ನೋಡಿ, ಒಳಗಿನ ಮೆತ್ತೆ ಉದ್ದಕ್ಕೆ ಹರಿದು, ಬಕೆಟ್ಟಿನ ಹಿಡಿಯಂತೆ ಮಗುಚಿ ಕೀಲಿನ ಮಧ್ಯೆ ಸಿಕ್ಕಿಕೊಂಡಿದೆ, ಎಳೆಯ ವಯಸ್ಸು, ಕತ್ತರಿಸಿ ತೆಗೆಯುವುದು ಬೇಡ, ಹೊಲಿಯೋಣ ಅಂದರು. ಎದ್ದು ಹೊರಡುವಾಗ ನನ್ನ ಕಡೆ ನೋಡಿದರು. "ಅಮ್ಮ, ಅವನದು ಗೊತ್ತಾಯ್ತು. ನೀವ್ಯಾಕೆ ಕುಂಟ್ತಾ ಇದ್ದೀರಿ?"

ಎರಡು ತಿಂಗಳಲ್ಲಿ ಈ ಮಾತು ಕೇಳಿದವರು ಅವರೊಬ್ಬರೇ. ಗಂಟಲುಬ್ಬಿ ಬಂತು. "ಏನಿಲ್ಲ ಸಾರ್, ವಾಯು" ಅಂದೆ. ಅವರು ಬಿಡಲಿಲ್ಲ. 'ಟಕ್' ಅಂದಿತ್ತಾ? ಕೂತು ಏಳುವಾಗಲಾ? ನೋವು ಹಿಂಭಾಗದಲ್ಲಾ? ಕಣ್ಣಾರೆ ಕಂಡವರ ಹಾಗೆ ಕೇಳಿದರು. ನನ್ನದೂ ಚಿತ್ರ ತೆಗೆದದ್ದಾಯಿತು. ಮೆತ್ತೆ ಬೇರುಸಮೇತ ಕಿತ್ತಿತ್ತು.

ಈಗ ಈ ಮೆತ್ತೆ ಅಂದರೇನು? ಡಾಕ್ಟರುಗಳು ಮಿನಿಸ್ಕಸ್ ಅನ್ನುತ್ತಾರೆ. ನನಗೆ ಅರ್ಥವಾದದ್ದು ನಮ್ಮ ಸಿಂಬೆಯಿಂದ. ಬಿಂದಿಗೆ ಹೊರುವಾಗ ಬಟ್ಟೆ ಸುತ್ತಿ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆವಲ್ಲ, ಅದೇ. ತೊಡೆಮೂಳೆಯ ತುದಿ ಬಿಂದಿಗೆಯ ತಳದಂತೆ ಗುಂಡು. ಕೆಳಗಿನ ಕಾಲಿನ ಮೂಳೆ ತಲೆ ಚಪ್ಪಟೆ. ಗುಂಡಗಿನದು ಚಪ್ಪಟೆಯ ಮೇಲೆ ಅಲುಗದೆ ನಿಲ್ಲಲು ನಡುವೆ ಎರಡು ಸಿಂಬೆ, ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು. ಎರಡೂ ಪೂರ್ತಿ ಬಳೆಯಲ್ಲ, ಒಡೆದ ಬಳೆಯಂತೆ. ಎರಡು ತುದಿಗಳೂ ಮೂಳೆಗೆ ಅಂಟಿರುತ್ತವೆ. ಮೆಟ್ಟಿಲು ಹತ್ತುವಾಗ ಮಂಡಿಯ ಮೇಲೆ ಮೈಭಾರದ ಸುಮಾರು ಮೂರು ಪಟ್ಟು ಬೀಳುತ್ತದಂತೆ. ಅದನ್ನು ಈ ಸಿಂಬೆ ಹಂಚಿಕೊಳ್ಳುತ್ತದೆ. ನನಗೆ ಆದದ್ದು ತುದಿಯೇ ಕಿತ್ತದ್ದು. ತುದಿ ಬಿಚ್ಚಿದ ಸಿಂಬೆ ಭಾರಕ್ಕೆ ಅಗಲವಾಗಿ ಹರಡಿ ಆಚೆ ಜಾರುತ್ತದೆ, ಬಿಂದಿಗೆ ನೇರ ತಲೆಗೇ ಕೂರುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಕಾಣುತ್ತದೆ, ಸಿಂಬೆ ಕಾಣುವುದಿಲ್ಲ. ಅದಕ್ಕೇ "ಏನೂ ಇಲ್ಲ" ಅಂದಿದ್ದು.

ನೆಲದ ಮೇಲೆ ಕೂತು ಏಳುವ ನಮ್ಮಂಥ ನಡುವಯಸ್ಸಿನ ಹೆಂಗಸರಲ್ಲಿ ಹೀಗೆ ಬೇರು ಕೀಳುವುದು ಹೆಚ್ಚಂತೆ. ಗುಡಿಸುವುದು, ಒರೆಸುವುದು, ಈಳಿಗೆಮಣೆ, ರಂಗೋಲಿ, ಎಲ್ಲಾ ಕುಕ್ಕರಗಾಲೇ ತಾನೇ. ಹಾಗೆಯೇ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಮೂಳೆಗೆ ಮೂಳೆ ತಿಕ್ಕಿ ಕೀಲು ಸವೆಯಬಹುದು, ಆಗ ಕೀಲನ್ನೇ ಬದಲಿಸುವ ಮಾತು ಬರುತ್ತದೆ. "ನಿಮ್ಮ ಮಂಡಿ ಇನ್ನೂ ಸವೆದಿಲ್ಲ, ಹೊಲಿಯುವ ಕಾಲ ಇದೇ" ಅಂದರು.

ಎಲ್ಲರಿಗೂ ಹೊಲಿಗೆಯೇ ಅಲ್ಲ, ಇದನ್ನು ನೆನಪಿಡಿ. ಸಿಂಬೆಯ ಹೊರ ಅಂಚಿಗೆ ಮಾತ್ರ ರಕ್ತ ಹರಿಯುತ್ತದೆ, ಅಲ್ಲಿ ಹೊಲಿದರೆ ಕೂಡಿಕೊಳ್ಳುತ್ತದೆ. ಒಳ ಅಂಚು ಹಳೇ ಸೀರೆಯ ಸೆರಗಿನಂತೆ ನವೆದು ಹರಿದಿದ್ದರೆ ಹೊಲಿಗೆ ನಿಲ್ಲುವುದಿಲ್ಲ. ವಯಸ್ಸಿನ ಸವೆತದಿಂದ ಹರಿದ ಚೂರನ್ನು ಕತ್ತರಿಸಿ ತೆಗೆಯುವುದಕ್ಕೂ, ಏನೂ ಕತ್ತರಿಸದೆ ಸುಳ್ಳು ಆಪರೇಷನ್ ಮಾಡುವುದಕ್ಕೂ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು ಫಿನ್ಲೆಂಡಿನ ಡಾಕ್ಟರುಗಳು 2013ರಲ್ಲಿ ತೋರಿಸಿದ್ದಾರೆ. ಅಂಥವರಿಗೆ ಮೊದಲು ವ್ಯಾಯಾಮ, ತೂಕ ಇಳಿಸುವುದು. ಯಾರಾದರೂ ನೋಡಿದ ಕೂಡಲೇ ಕತ್ತರಿಸೋಣ ಅಂದರೆ, ಯಾಕೆ ಅಂತ ಧೈರ್ಯವಾಗಿ ಕೇಳಿ.

ಆಸ್ಪತ್ರೆಯಲ್ಲಿ ಮಲಗಿದ್ದಲ್ಲೇ ನಮ್ಮ ಹುಡುಗ ಫೋನಿನಲ್ಲಿ ಓದಿ ಓದಿ ಹೇಳಿದ. 1883ರಲ್ಲೇ ಎಡಿನ್‌ಬರೊದಲ್ಲಿ ಥಾಮಸ್ ಅನ್ನಂಡೇಲ್ ಎಂಬ ಡಾಕ್ಟರು ಒಬ್ಬ ಗಣಿ ಕೆಲಸಗಾರನ ಮಂಡಿ ಬಿಚ್ಚಿ ಮೆತ್ತೆ ಹೊಲಿದಿದ್ದರಂತೆ. ಆದರೂ ಬಹಳ ಕಾಲ ಡಾಕ್ಟರುಗಳು ಇದು ಕೆಲಸಕ್ಕೆ ಬಾರದ ವಸ್ತುವೆಂದು ಕಿತ್ತು ಎಸೆಯುತ್ತಿದ್ದರು. ಹಾಗೆ ಕಿತ್ತವರ ಮಂಡಿ ಮುಂದೆ ಹೇಗೆ ಬದಲಾಗುತ್ತದೆಂದು 1948ರಲ್ಲಿ ಫೇರ್‌ಬ್ಯಾಂಕ್ ಎಂಬವರು ಎಕ್ಸ್‌ರೇ ಇಟ್ಟು ತೋರಿಸಿದರು. 1969ರಲ್ಲಿ ಟೋಕಿಯೋದ ಇಕೆಯುಚಿ ಎಂಬವರು ಸಣ್ಣ ತೂತಿನಿಂದ ದುರ್ಬೀನು ತೂರಿಸಿ ಹೊಲಿದರು. "ಆ ಗಣಿಯವನೂ ಮಂಡಿಯೂರಿಯೇ ದುಡಿದಿರಬೇಕು ಅತ್ತೆ, ನಿನ್ನ ಹಾಗೆ" ಅಂದ ಹುಡುಗ. ಅಷ್ಟು ತಿಳಿಯಿತಲ್ಲ ಅವನಿಗೆ, ಅದೇ ದೊಡ್ಡದು.

ಮೂರು ವಾರದ ನಂತರ ನನ್ನದು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರು. ಎಚ್ಚರವಾಗಿಯೇ ಇದ್ದೆ. ಪಕ್ಕದ ಪರದೆಯಲ್ಲಿ ನನ್ನದೇ ಮಂಡಿಯ ಒಳಗು! ಎಳನೀರಿನ ತಿಳಿಗಂಜಿಯಂತೆ ಬೆಳ್ಳಗಿತ್ತು. ಕಿತ್ತ ತುದಿಗೆ ದಾರ ಪೋಣಿಸಿ, ಕಾಲಿನ ಮೂಳೆಯಲ್ಲಿ ಸಣ್ಣ ತೂತು ಕೊರೆದು, ದಾರವನ್ನು ಅದರೊಳಗಿಂದ ಎಳೆದು ಬಿಗಿದರು. ಹೊರಗೆ ಉಳಿದದ್ದು ಚಿಕ್ಕ ಚಿಕ್ಕ ಗಾಯ.

ಹೊಲಿಗೆ ಸುಲಭ, ಆಮೇಲಿನದೇ ಕಷ್ಟ. ಆರು ವಾರ ಎಡಗಾಲು ನೆಲಕ್ಕೆ ಊರುವಂತಿಲ್ಲ. ಕಾಲಿಗೆ ಪಟ್ಟಿ, ಕಂಕುಳಿಗೆ ಊರುಗೋಲು. ನಡುಮನೆಯಲ್ಲಿ ಎರಡು ಮಂಚ, ಒಂದರಲ್ಲಿ ಹುಡುಗ, ಇನ್ನೊಂದರಲ್ಲಿ ನಾನು. ನೋಡಲು ಬಂದವರು ಅವನಿಗೆ ಹಣ್ಣು ಕೊಟ್ಟು "ಯಾವಾಗ ಆಡ್ತೀಯಪ್ಪಾ?" ಅನ್ನುತ್ತಿದ್ದರು. ನನ್ನ ಕಡೆ ತಿರುಗಿ "ಮನೇಲಿ ಅಡಿಗೆ ಯಾರು ಮಾಡ್ತಾರೆ?" ಅನ್ನುತ್ತಿದ್ದರು. ಮಾಡುತ್ತಿದ್ದವರು ನಮ್ಮನೆಯವರು. ಮೊದಲ ವಾರದ ಸಾರಿನ ವಿಷಯ ಬೇಡ. ಮೂರನೇ ವಾರದ ಹೊತ್ತಿಗೆ ಒಗ್ಗರಣೆ ಸೀಯುವುದು ನಿಂತಿತು.

ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಆಪರೇಷನ್ನಿಗೆ ಮೊದಲೇ ಮನೆಯಲ್ಲಿ ಕೂರುವ ಕಮೋಡ್ ವ್ಯವಸ್ಥೆ ಮಾಡಿಕೊಳ್ಳಿ. ಆಗದಿದ್ದರೆ ತೂತಿನ ಕುರ್ಚಿಯಾದರೂ ತನ್ನಿ. ನಾವು ಅದನ್ನು ಯೋಚಿಸದೆ ಪಟ್ಟ ಪಾಡು ಯಾರಿಗೂ ಬೇಡ. ತೊಡೆಯ ಸ್ನಾಯು ಬಿಗಿಯುವ ವ್ಯಾಯಾಮ ಮೊದಲ ದಿನದಿಂದ ಹೇಳಿಕೊಟ್ಟಿದ್ದರು. ಅದನ್ನು ಔಷಧಿಯಂತೆ ದಿನಕ್ಕೆ ಮೂರು ಹೊತ್ತು ಮಾಡಿದೆ. ಆರು ತಿಂಗಳು ಕುಕ್ಕರಗಾಲು ಮುಟ್ಟಕೂಡದು ಅಂದಿದ್ದರು. ಇನ್ನು ಮುಂದೆಯೂ ಬೇಡ ಅಂತ ನಾನೇ ತೀರ್ಮಾನಿಸಿದೆ.

ಇಲ್ಲಿಯೇ ಜಗಳ ಹುಟ್ಟಿದ್ದು. "ಒಲೆ ಮುಂದೆ ಕುರ್ಚಿ ಹಾಕ್ಕೊಂಡು ಕೂರೋ ಸೊಸೇನ ಈ ಮನೇಲಿ ಕಂಡಿರಲಿಲ್ಲ" ಅಂದರು ನಮ್ಮತ್ತೆ. ನಾನು ಮಾತಾಡಲಿಲ್ಲ. ಈಳಿಗೆಮಣೆ ಒಳಗಿಟ್ಟು ಮೇಜಿನ ಮೇಲೆ ಚಾಕುವಿನಲ್ಲಿ ಹೆಚ್ಚಿದೆ. ಉದ್ದ ಕೋಲಿನ ಒರೆಸುವ ಬಟ್ಟೆ ತರಿಸಿದೆ. ಹುಡುಗ ಮುಂದಿನ ವರ್ಷ ಮೈದಾನಕ್ಕಿಳಿದ. ನಾನು ಆ ಹೊತ್ತಿಗೆ ಚಂದ್ರಗುತ್ತಿಗೆ ಹೋಗಿ ರೇಣುಕಾಂಬೆಯ ಗುಡಿಯ ಮೆಟ್ಟಿಲು ಹತ್ತಿದೆ, ಕಂಬಿ ಹಿಡಿದು, ನಾಲ್ಕು ಕಡೆ ನಿಂತು, ಸಾಕಷ್ಟು ಹೊತ್ತು ತೆಗೆದುಕೊಂಡು. ಮಳೆ ದಿನಗಳಲ್ಲಿ ಈಗಲೂ ಸ್ವಲ್ಪ ಬಿಗಿಯುತ್ತದೆ, ಸುಳ್ಳು ಹೇಳುವುದಿಲ್ಲ.

ಕಳೆದ ದೀಪಾವಳಿಯಲ್ಲಿ ಮೇಜಿನ ಮುಂದೆ ಕೂತು ಹೋಳಿಗೆ ಲಟ್ಟಿಸುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ಒಂದಿಷ್ಟು ಹೊತ್ತು ನೋಡಿದರು. ಚೌಕಟ್ಟು ಹಿಡಿದೇ ನಿಂತಿದ್ದರು, ಅವರು ಯಾವಾಗಲೂ ಹಾಗೆ ಹಿಡಿದೇ ನಿಲ್ಲುವುದು ಅಂತ ನನಗೆ ಆವತ್ತೇ ಹೊಳೆದದ್ದು. ಆಮೇಲೆ ಮೆಲ್ಲಗೆ ಅಂದರು: "ಇನ್ನೊಂದು ಕುರ್ಚಿ ಇದ್ರೆ ಈ ಕಡೆ ಎಳಿ. ಹೂರಣ ನಾನು ತುಂಬ್ತೀನಿ."