ಮುಪ್ಪಿನ ಹೊಣೆ ಯಾರದು?

1948ರಲ್ಲಿ ಸ್ಥಾಪಿತವಾದ ಬರ್ಲಿನ್ನಿನ ಸ್ವತಂತ್ರ ವಿಶ್ವವಿದ್ಯಾನಿಲಯದಲ್ಲಿ ಯುರೋಪಿನ ಸಮಾಜಗಳನ್ನು ಕುರಿತ ಸಮಾಜಶಾಸ್ತ್ರವನ್ನು ನಾನು ಸ್ನಾತಕೋತ್ತರ ಪದವಿಗಾಗಿ ಎರಡು ವರ್ಷ ವ್ಯಾಸಂಗ ಮಾಡಿದೆನು. ಈ ಶಾಸ್ತ್ರದ ಜೀವಾಳವು ತುಲನೆ. ಒಂದೇ ಪ್ರಶ್ನೆಯನ್ನು ಹಲವು ದೇಶಗಳ ಮುಂದಿಡುವುದೇ ಅದರ ಮಾರ್ಗ.

ವೃದ್ಧ ತಂದೆತಾಯಿಗಳ ಸೇವೆ ಯಾರ ಹೊಣೆ? ಡೆನ್ಮಾರ್ಕಿನಲ್ಲಿ ಪುರಸಭೆಯೇ ಮನೆಗೆ ಸಹಾಯಕರನ್ನು ಕಳುಹಿಸುತ್ತದೆ. ಜರ್ಮನಿಯಲ್ಲಿ 1995ರಿಂದ ಕಡ್ಡಾಯವಾದ ಶುಶ್ರೂಷಾ ವಿಮೆಯಿದೆ. ಮನೆಯವರೇ ಆರೈಕೆ ಮಾಡಿದರೂ ಅದರಿಂದ ಧನಸಹಾಯ ದೊರೆಯುತ್ತದೆ. ಇಟಲಿಯಲ್ಲಿ ಹೊಣೆಯು ಬಹುಮಟ್ಟಿಗೆ ಕುಟುಂಬದ್ದು. ಮಕ್ಕಳಿಗೆ ಬಿಡುವಿಲ್ಲದ ಅನೇಕ ಮನೆಗಳಲ್ಲಿ ರುಮೇನಿಯ, ಉಕ್ರೇನ್ ದೇಶಗಳಿಂದ ಬಂದ ಸ್ತ್ರೀಯರು ಉಳಿದುಕೊಂಡು ವೃದ್ಧರನ್ನು ನೋಡಿಕೊಳ್ಳುತ್ತಾರೆ. ಆ ಸ್ತ್ರೀಯರ ಸ್ವಂತ ತಾಯಂದಿರನ್ನು ಊರಿನಲ್ಲಿ ನೋಡುವವರಾರು?

ತರಗತಿಯಲ್ಲಿ ಇದನ್ನು ಚರ್ಚಿಸಿದ ದಿನಗಳಲ್ಲಿ ನಮ್ಮ ತಾಯಿಯವರು ಊರಿನಲ್ಲಿ ನೆರೆಮನೆಯವರ ಆಸರೆಯಲ್ಲಿದ್ದರು. ಪಾಠವು ನನ್ನ ಮನೆಯ ಬಾಗಿಲಿಗೂ ಬಂದು ನಿಂತಿತು.

ಯುರೋಪಿಗೆ ಕರುಣೆಯಿಲ್ಲ, ನಮ್ಮದು ಕುಟುಂಬವತ್ಸಲ ನಾಡು ಎಂದುಬಿಡುವುದು ಸುಲಭ. ಆದರೆ ಸೇವೆಗೆ ಪ್ರೀತಿಯೊಂದೇ ಸಾಲದು, ಏರ್ಪಾಡೂ ಬೇಕು. ಮಕ್ಕಳು ದೂರದಲ್ಲಿರುವ ಹಿರಿಯರು ತಮ್ಮ ಓಣಿಯಲ್ಲಿ ಎಷ್ಟು ಜನರಿದ್ದಾರೆ? ವಿದೇಶಕ್ಕೆ ಹೊರಡುವ ತರುಣರೂ ಅವರನ್ನು ಕಳುಹಿಸುವ ಹಿರಿಯರೂ ಮೊದಲು ಅದನ್ನು ಎಣಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ.