ಬೆಳಕು ಅಳೆದ ಕಾಡು

ಬೋರ್ನಿಯೋ ದ್ವೀಪದ ಸಬಾ ರಾಜ್ಯ ಮಲೇಷ್ಯಾಕ್ಕೆ ಸೇರಿದ್ದು. ಅಲ್ಲಿನ ಲಹಾದ್ ದಾತು ಪಟ್ಟಣ ಬಿಟ್ಟು ಪಶ್ಚಿಮಕ್ಕೆ ಹೊರಟರೆ ಬಹಳ ಹೊತ್ತು ಎಣ್ಣೆ ತಾಳೆಯ ತೋಟವೇ ಜೊತೆಗಿರುತ್ತದೆ. ಗುಡ್ಡದಿಂದ ಗುಡ್ಡಕ್ಕೆ ಒಂದೇ ಎತ್ತರ, ಒಂದೇ ಹಸಿರು. ಆಮೇಲೆ ಜಲ್ಲಿ ರಸ್ತೆ. ದಿಮ್ಮಿ ಸಾಗಿಸುವ ಲಾರಿಗಳಿಗೆಂದು ಮಾಡಿದ್ದು. ಇಕ್ಕೆಲದಲ್ಲೂ ಹಿಂದೊಮ್ಮೆ ಕಡಿದು ಬಿಟ್ಟ ಕಾಡು, ಬಳ್ಳಿ ಹೊದ್ದ ಗಿಡ್ಡ ಮರಗಳು. ಸುಮಾರು 80 ಕಿ.ಮೀ. ಕಳೆದ ಮೇಲೆ ಡನುಮ್ ಕಣಿವೆ. ಇಲ್ಲಿ 438 ಚದರ ಕಿ.ಮೀ. ಕಾಡನ್ನು ಕೊಡಲಿ ತಾಗದಂತೆ ಕಾಯ್ದುಕೊಂಡಿದ್ದಾರೆ.

ಸೆಗಾಮಾ ನದಿಯ ತೂಗುಸೇತುವೆ ದಾಟಿ ಒಳಗೆ ಕಾಲಿಟ್ಟರೆ ಹಗಲಲ್ಲೇ ಮಬ್ಬು. ಉಂಬಳದ ಕಾಟ ನಮ್ಮ ಆಗುಂಬೆಯನ್ನೂ ಮೀರಿಸುವಂಥದ್ದು. ಆದರೆ ಮೆರಾಂತಿ ಮರದ ಬುಡದಲ್ಲಿ ನಿಂತವನಿಗೆ ಉಂಬಳ ಮರೆತುಹೋಗುತ್ತದೆ. ಬೇರುಗಳು ಆಳೆತ್ತರದ ಗೋಡೆಗಳಾಗಿ ಎದ್ದು ಕಾಂಡವನ್ನು ಆತುಕೊಂಡಿವೆ. ಕಾಂಡ ನೆಟ್ಟಗೆ, ಒಂದು ಕೊಂಬೆಯೂ ಇಲ್ಲದೆ, ಮೇಲೇರಿ ಎಲೆಗಳ ನಡುವೆ ಎಲ್ಲೋ ಕಾಣೆಯಾಗುತ್ತದೆ. ಕತ್ತು ನೋಯುವಷ್ಟು ನೋಡಿದರೂ ತುದಿ ಕಾಣುವುದಿಲ್ಲ. ಮೆರಾಂತಿ ನಮಗೆ ತೀರಾ ಅಪರಿಚಿತವೂ ಅಲ್ಲ. ನಮ್ಮ ಘಟ್ಟದ ಧೂಪದ ಮರ ಇದರದೇ ಕುಟುಂಬದ್ದು.

ಬುಡದಿಂದ ತುದಿ ಕಾಣದ ಮರವನ್ನು ಅಳೆಯುವುದು ಹೇಗೆ? 2014ರಲ್ಲಿ ಈ ಕಣಿವೆಯ ಮೇಲೆ ಲೇಸರ್ ಯಂತ್ರ ಹೊತ್ತ ವಿಮಾನವೊಂದು ಹಾರಿತು. ಲೈಡಾರ್ ಎಂಬ ಆ ಯಂತ್ರ ಸೆಕೆಂಡಿಗೆ ಲಕ್ಷಗಟ್ಟಲೆ ಬೆಳಕಿನ ಮಿಡಿತಗಳನ್ನು ಕೆಳಕ್ಕೆ ಬಿಡುತ್ತದೆ. ಪ್ರತಿ ಮಿಡಿತ ಹೋಗಿ ಬರಲು ಹಿಡಿದ ಸಮಯವೇ ಅದರ ಅಳತೆಗೋಲು. ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿ.ಮೀ.; ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ತಪ್ಪಿದರೂ ಎತ್ತರದ ಲೆಕ್ಕ 15 ಸೆಂಟಿಮೀಟರ್ ತಪ್ಪುತ್ತದೆ. ಅಷ್ಟು ಚುರುಕಿನ ಗಡಿಯಾರ ಬೇಕು. ಬಹುಪಾಲು ಬೆಳಕು ಮೇಲಿನ ಎಲೆಗಳಿಗೇ ತಾಗಿ ಮರಳುತ್ತದೆ. ಸ್ವಲ್ಪ ಬೆಳಕು ಮಾತ್ರ ಎಲೆಗಳ ಸಂದಿಯಲ್ಲಿ ನುಸುಳಿ ನೆಲ ಮುಟ್ಟಿ ಬರುತ್ತದೆ. ಎಲೆಯ ಮಟ್ಟದಿಂದ ನೆಲದ ಮಟ್ಟವನ್ನು ಕಳೆದರೆ ಮರದ ಎತ್ತರ ಸಿಕ್ಕಿತು. ಹೀಗೆ ಹತ್ತಾರು ಸಾವಿರ ಮರಗಳ ಎತ್ತರ ಒಂದೇ ಹಾರಾಟದಲ್ಲಿ ಕೈಗೆ ಬರುತ್ತದೆ, ಜೊತೆಗೆ ಕಾಡಿನಡಿ ಅಡಗಿದ ತೊರೆ, ದಿಣ್ಣೆ, ಹಳೆಯ ರಸ್ತೆಗಳ ನಕ್ಷೆಯೂ.

ಆ ಅಂಕಿಗಳ ನಡುವೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರಿಗೆ ಅಸಾಧಾರಣ ಎತ್ತರದ ಒಂದು ಹಳದಿ ಮೆರಾಂತಿ ಸಿಕ್ಕಿತು. 2018ರಲ್ಲಿ ತಂಡ ಕಾಡು ಹೊಕ್ಕು ಅದರ ಬುಡದ ಸುತ್ತ ಲೇಸರ್ ಯಂತ್ರ ಇಟ್ಟು, ಮೇಲಿನಿಂದ ಡ್ರೋನ್ ಹಾರಿಸಿ, ಮರದ ಆಕಾರವನ್ನೆಲ್ಲ ಚುಕ್ಕಿಗಳಲ್ಲಿ ಹಿಡಿಯಿತು. 2019ರ ಜನವರಿಯಲ್ಲಿ ಸ್ಥಳೀಯ ಮರವೇರುಗ ಉಂಡಿಂಗ್ ಜಾಮಿ ತುದಿಯವರೆಗೆ ಹತ್ತಿ ಅಳತೆಯ ಟೇಪು ಇಳಿಬಿಟ್ಟರು: 100.8 ಮೀಟರ್, ಅಂದರೆ ಸುಮಾರು 330 ಅಡಿ. ಶ್ರವಣಬೆಳಗೊಳದ ಗೊಮ್ಮಟನಂಥ ಐದು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಈ ಮರದ ತುದಿ ಮುಟ್ಟುವುದಿಲ್ಲ. ಮರಕ್ಕೆ 'ಮೆನಾರಾ' ಎಂದು ಹೆಸರಿಟ್ಟರು. ಉಷ್ಣವಲಯದಲ್ಲಿ ನೂರು ಮೀಟರ್ ದಾಟಿದ್ದು ಖಚಿತವಾದ ಮೊದಲ ಮರ ಅದು.

ಎತ್ತರಕ್ಕಿಂತ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಅದರ ತೂಕದ ಲೆಕ್ಕ. ಲೇಸರ್ ಚುಕ್ಕಿಗಳಿಂದ ಹೊರಟ ಅಂದಾಜಿನಂತೆ ಬೇರು ಬಿಟ್ಟು ಮರದ ತೂಕ 81,500 ಕಿಲೋ. ಅದರಲ್ಲಿ ಮೇಲಿನ ಹರವಾದ ಕೊಂಬೆಗಳ ಪಾಲು ಬರೀ ಶೇ. 5. ಉಳಿದದ್ದೆಲ್ಲ ಕಾಂಡ. ನೂರು ಮೀಟರ್ ಎತ್ತರದ ಮರದ ಗುರುತ್ವ ಕೇಂದ್ರ ನೆಲದಿಂದ 28 ಮೀಟರಿನಲ್ಲೇ ಇದೆ. ಗಾಳಿಯ ಹೊಡೆತ ಕಡಿಮೆಯಿರುವ ಕಣಿವೆಯ ಮಡಿಲು ಹಿಡಿದು, ತೂಕವನ್ನೆಲ್ಲ ಕೆಳಗಿರಿಸಿಕೊಂಡು ಅದು ನಿಂತಿದೆ. ಒಂದು ಎಲೆ ಕೀಳದೆ, ಒಂದು ಕೊಂಬೆ ಕಡಿಯದೆ ಇಡೀ ಮರವನ್ನು ತೂಗಿದ ವಿದ್ಯೆ ಇದು. ನನ್ನ ಮಟ್ಟಿಗೆ ಮರದಷ್ಟೇ ದೊಡ್ಡ ಅಚ್ಚರಿ.

ಮೆನಾರಾ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ಅಷ್ಟು ಪ್ರಚಾರ ಸಿಗದ ಇನ್ನೊಂದು ಅಳತೆ ಅದಕ್ಕಿಂತ ಮುಖ್ಯ ಎಂದು ನಾನು ನಂಬುತ್ತೇನೆ. ಇದೇ ಸಬಾದಲ್ಲಿ, ಕಡಿತಕ್ಕೆ ಸಿಕ್ಕು ಮತ್ತೆ ಬೆಳೆಯುತ್ತಿದ್ದ 3,300 ಹೆಕ್ಟೇರ್ ಕಾಡಿನ ಮೇಲೆ ಲೈಡಾರ್ ವಿಮಾನ ಒಂದಲ್ಲ ಎರಡು ಸಲ ಹಾರಿತ್ತು. ನಡುವೆ 2015–16ರ ಎಲ್ ನಿನೋ ಬರ ಬಂದುಹೋಗಿತ್ತು. ಎರಡು ನಕ್ಷೆಗಳನ್ನು ಹೋಲಿಸಿ ನೋಡಿದಾಗ, ಬರದಲ್ಲೂ ಎಳೆಯ ಕಾಡು ಎತ್ತರಕ್ಕೆ ಬೆಳೆದದ್ದು ಕಂಡಿತು. ಎಣ್ಣೆ ತಾಳೆಯ ತೋಟಕ್ಕೆ ತಾಗಿದ ಕಡೆ ಮಾತ್ರ ಬೆಳವಣಿಗೆ ಸೊರಗಿತ್ತು. ತೋಟದಂಚಿನ ಬಿಸಿ, ಒಣ ಹವೆಯ ಪರಿಣಾಮ 300 ಮೀಟರಿಗೂ ಹೆಚ್ಚು ಒಳಕ್ಕೆ ಚಾಚಿತ್ತು. ತೋಟದಿಂದ 40 ಮೀಟರಿನೊಳಗಿನ ಹೊಳೆದಂಡೆಯ ಕಾಡು ಕೂಡ ಎತ್ತರ ಕಳೆದುಕೊಂಡಿತ್ತು. ರಸ್ತೆಯಲ್ಲಿ ಹೋಗುವವರಿಗೆ ಬೆಳೆದ ಕಾಡೂ ಹಸಿರು, ಸೊರಗಿದ ಕಾಡೂ ಹಸಿರು. ಮೇಲಿನಿಂದ ತೆಗೆದ ಚಿತ್ರದಲ್ಲೂ ಹಸಿರೇ. ತೋಟದಂಚಿನ ಕಾಡು ಕುಗ್ಗುತ್ತಿದೆ ಎಂಬುದನ್ನು ತೋರಿಸಿದ್ದು ಎರಡನೆಯ ಅಳತೆ.

ಇದನ್ನು ಓದುವಾಗ ನನಗೆ ಘಟ್ಟದ ಚಿಂತೆ. ತೋಟ, ರಸ್ತೆ, ವಿದ್ಯುತ್ ತಂತಿಯ ಸಾಲುಗಳ ನಡುವೆ ತುಂಡುತುಂಡಾಗಿ ಉಳಿದ ಕಾಡು ನಮ್ಮಲ್ಲೂ ಇದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ 2018ರ ಡಿಸೆಂಬರಿನಲ್ಲಿ ಕಳಿಸಿದ ನಾಸಾದ 'ಜೆಡೈ' ಲೇಸರ್ ಕರ್ನಾಟಕದ ಮೇಲೂ ಹಾದುಹೋಗುತ್ತ ಕಾಡಿನ ಎತ್ತರ ಅಳೆಯುತ್ತದೆ. ಆದರೆ ಅದರ ಒಂದೊಂದು ಚುಕ್ಕಿ ಸುಮಾರು 25 ಮೀಟರ್ ಅಗಲ, ಚುಕ್ಕಿಗಳ ನಡುವೆ ಖಾಲಿ ಜಾಗವೂ ಇದೆ. ಕಡಿದಾದ ಇಳಿಜಾರಿನಲ್ಲಿ ನಿಖರತೆ ಕುಗ್ಗುತ್ತದೆ. ಘಟ್ಟಕ್ಕೆ ವಿಮಾನದ ಲೈಡಾರ್ ಬೇಕು. ಒಂದು ಸಲ ಹಾರಿಸಿ ಕಡತಕ್ಕೆ ಸೇರಿಸಿದರೆ ಸಾಲದು, ಕೆಲವು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಅಳೆಯಬೇಕು, ಅಂಕಿಗಳು ಎಲ್ಲರಿಗೂ ಸಿಗಬೇಕು. ಅರಣ್ಯ ಇಲಾಖೆ ಇದನ್ನು ಕೈಗೆತ್ತಿಕೊಳ್ಳಲಿ. ಅಲ್ಲಿಯವರೆಗೆ ನಮ್ಮ ಕಾಲೇಜುಗಳ ಹುಡುಗ ಹುಡುಗಿಯರು ಜೆಡೈ ಅಂಕಿಗಳಿಂದಲೇ ಶುರುಮಾಡಬಹುದು. ನಾಸಾ ಅವನ್ನು ಉಚಿತವಾಗಿ ಕೊಡುತ್ತದೆ.