ತೊಟ್ಟಿಕ್ಕುವ ಎಣ್ಣೆ

ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವನಿಗೂ ಟ್ರ್ಯಾಕ್ಟರಿನ ಹೊಟ್ಟೆಯೊಳಗಿನ ಆಯಿಲ್ ಸೀಲಿಗೂ ಏನು ನಂಟು ಎಂದು ಓದುಗರು ಕೇಳಬಹುದು. ಕಳೆದ ದಸರಾ ರಜೆಯವರೆಗೆ ಯಾವ ನಂಟೂ ಇರಲಿಲ್ಲ. ಇದ್ದುದು ತಮ್ಮನೊಡನೆ ಒಂದು ಸಣ್ಣ ಲೆಕ್ಕದ ತಕರಾರು, ಅಷ್ಟೆ.

ನಮ್ಮದು ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯ ಕಡೆ. 1979ರಲ್ಲಿ ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಮುಗಿದು, ಮುಂದೆ ನಾಲೆಯ ನೀರು ತಾಲ್ಲೂಕಿಗೆ ಹರಿದ ಮೇಲೆ ಕಬ್ಬು ಹೆಚ್ಚಿತು. ಎತ್ತುಗಳು ನಿಲ್ಲುತ್ತಿದ್ದ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರು ನಿಂತಿತು. ನಾನು ಎಂ. ಎ. ಮಾಡಿ ಮೈಸೂರು ಸೇರಿದೆ. ತಮ್ಮ ಊರಿನಲ್ಲಿಯೇ ಉಳಿದು ಗದ್ದೆಯನ್ನೂ ತಾಯಿಯನ್ನೂ ನೋಡಿಕೊಂಡ. ತಂದೆಯವರು ಬಿಟ್ಟುಹೋದ ಟ್ರ್ಯಾಕ್ಟರಿನ ರಿಪೇರಿಯ ಖರ್ಚು ಇಬ್ಬರದೂ ಎಂದು ಮಾತಾಗಿತ್ತು.

ಯುಗಾದಿಯ ಹೊತ್ತಿಗೆ 'ಎಂಜಿನ್ನಿನ ಹಿಂದಿನ ಸೀಲು ಹೋಗಿದೆ' ಎಂದ, ಹಣ ಕಳಿಸಿದೆ. ಗೌರಿಹಬ್ಬಕ್ಕೆ ಮತ್ತೆ ಅದೇ ಸೀಲು, ಅಷ್ಟೇ ಹಣ. ಅಂಗಡಿಯಲ್ಲಿ ವಿಚಾರಿಸಿದರೆ ಸೀಲಿನ ಬೆಲೆ ಕೆಲವೇ ನೂರು ರೂಪಾಯಿ. ಇವನು ಕೇಳಿದುದು ಸಾವಿರಗಳಲ್ಲಿ! ಹಣ ಕಳಿಸಿದೆನಾದರೂ ಫೋನಿನಲ್ಲಿ, "ಈ ಸಲ ರಸೀತಿ ಇಟ್ಟಿರು" ಎಂದುಬಿಟ್ಟೆ. ಅವನು ಮರುಮಾತಾಡಲಿಲ್ಲ. ಆ ಮೌನ ನನಗೆ ತಪ್ಪೊಪ್ಪಿಗೆಯಂತೆ ಕೇಳಿಸಿತು. ಓದಿದವರ ಕಿವಿಗೆ ಹೀಗೊಂದು ರೋಗವಿದೆ.

ರಜೆಗೆ ಊರಿಗೆ ಹೋದಾಗ ಟ್ರ್ಯಾಕ್ಟರು ಹೊಂಗೆಮರದ ಕೆಳಗೆ ಎರಡು ಹೋಳಾಗಿ ನಿಂತಿತ್ತು. ಎಂಜಿನ್ನು ಒಂದು ಕಡೆ, ಗೇರುಪೆಟ್ಟಿಗೆಯೂ ದೊಡ್ಡ ಚಕ್ರಗಳೂ ಒಂದು ಕಡೆ. ನಡುವೆ ಮರದ ದಿಮ್ಮಿ, ಜಾಕು. ಕ್ಲಚ್ಚು ಬಿಚ್ಚಿ, ಇಬ್ಬರು ಹಿಡಿದು ಭಾರದ ಫ್ಲೈವೀಲನ್ನು ಇಳಿಸಿದ ಮೇಲೆ ಆ ಸೀಲಿನ ದರ್ಶನವಾಯಿತು: ಬಳೆಯಂಥ ಒಂದು ರಬ್ಬರಿನ ಸುತ್ತು. ತಮ್ಮ ನನ್ನ ಮುಖ ನೋಡದೆ, "ಕಾಸು ಸೀಲ್ಗಲ್ಲ ಅಣ್ಣ, ಅದ್ರ ತಾವ ಹೋಗಕ್ಕೆ" ಎಂದ.

ಬಂಡಿಯ ಕಾಲದಲ್ಲಿ ಕೀಲೆಣ್ಣೆ ತೊಟ್ಟಿಕ್ಕಿದರೆ ಪಂಚೆಯ ಅಂಚು ಕಪ್ಪಾಗುತ್ತಿತ್ತು, ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗಲ್ಲ. ಕ್ರ್ಯಾಂಕ್ ಶಾಫ್ಟು ನಿಮಿಷಕ್ಕೆ 2,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಿರುವಾಗ, ಎಂಜಿನ್ನಿನ ಎಣ್ಣೆ ಹೊರಗೆ ಬಾರದಂತೆ ತಡೆಯುವುದು ಆ ಸೀಲಿನ ತೆಳುವಾದ ತುಟಿ. ಹಿಂದೆ ಇದನ್ನು ತೊಗಲಿನಿಂದಲೂ ಹೊಸೆದ ಹುರಿಯಿಂದಲೂ ಮಾಡುತ್ತಿದ್ದರು. ತುಟಿ ಸವೆದರೆ ಎಣ್ಣೆ ಕ್ಲಚ್ಚಿನ ಬಿಲ್ಲೆಗೆ ಸಿಡಿಯುತ್ತದೆ, ಬಿಲ್ಲೆ ಜಾರುತ್ತದೆ, ಕಬ್ಬು ತುಂಬಿದ ಗಾಡಿ ಏರಿನಲ್ಲಿ ನಿಂತುಬಿಡುತ್ತದೆ. ತಮ್ಮನಿಗೆ ಹಾಗೆ ಎರಡು ಸಲ ಆಗಿತ್ತಂತೆ. ನನಗೆ ಹೇಳಿರಲಿಲ್ಲ.

ಈ ಸಲ ಬಂದಿದ್ದ ಮೆಕ್ಯಾನಿಕ್ಕು ಬೇರೆ, ವಯಸ್ಸಾದವರು. ಹಳೆಯ ಸೀಲನ್ನು ಮೀಟಿ ತೆಗೆದು, ಶಾಫ್ಟಿನ ಮೇಲೆ ಉಗುರು ಆಡಿಸಿ, "ಗೆರೆ ಬಿದ್ದಿಲ್ಲ, ಪುಣ್ಯ" ಎಂದರು. ಹೊಸದರ ತುಟಿಗೆ ಎಣ್ಣೆ ಸವರಿದರು. ನಾನು ಸುಮ್ಮನಿರಲಾರದೆ, "ತುಟಿ ಯಾವ ಕಡೆಗೆ?" ಎಂದು ಕೇಳಿದೆ. "ಎಣ್ಣೆ ಕಡೀಕೆ ಸಾ. ಒಳಗ್ಲುದ್ನ ಹಿಡ್ಕಬೇಕಲ್ವಾ?" ಎಂದರು. ಸುತ್ತಲೂ ಸಮನಾಗಿ ಮೆಲ್ಲಮೆಲ್ಲನೆ ತಟ್ಟಿ ಕೂರಿಸಿದರು.

ಅನಂತರ ತಮ್ಮನ ಕಡೆ ತಿರುಗಿ, "ಆರು ತಿಂಗ್ಳಿಗೆ ಹೊಸ ಸೀಲು ಯಾಕ್ ಹೋಯ್ತು ಅಂತ ಯಾರಾದ್ರೂ ನೋಡುದ್ರಾ?" ಎಂದರು. ಯಾರೂ ನೋಡಿರಲಿಲ್ಲ. ಅವರು ಎಂಜಿನ್ನಿನ ಉಸಿರುಗೊಳವೆಯನ್ನು ಬಿಚ್ಚಿ ಕಂಬಿಯಿಂದ ಕೆದಕಿದರು. ಗಟ್ಟಿಯಾದ ಎಣ್ಣೆಯ ಜಿಡ್ಡು, ಅದರ ಹಿಂದೆ ಕಡಜದ ಮಣ್ಣುಗೂಡು ಉದುರಿದವು. ಉರಿದ ಅನಿಲ ಸ್ವಲ್ಪ ಪಿಸ್ಟನ್ನಿನ ಬಳೆಗಳನ್ನು ದಾಟಿ ಕೆಳಕ್ಕೆ ಇಳಿಯುವುದು ಸಹಜ. ಅದು ಹೊರಹೋಗಲು ಈ ಕೊಳವೆ. ದಾರಿ ಕಟ್ಟಿದರೆ ಒಳಗೆ ಒತ್ತಡ ಬೆಳೆದು, ಎಲ್ಲಿ ಮೆತ್ತಗಿದೆಯೋ ಅಲ್ಲಿಂದ ಎಣ್ಣೆಯನ್ನು ನೂಕುತ್ತದೆ. ತಂದೆಯವರು ತೀರಿಕೊಂಡಾಗ ಟ್ರ್ಯಾಕ್ಟರು ಮೂರು ತಿಂಗಳು ಕೊಟ್ಟಿಗೆಯಲ್ಲಿಯೇ ನಿಂತಿತ್ತು. ಕಡಜ ಮನೆ ಕಟ್ಟಿದ್ದು ಆಗಲೇ ಇರಬೇಕು.

ಸಂಜೆಗೆ ಎರಡು ಹೋಳೂ ಕೂಡಿದವು. ರಾತ್ರಿ ತಮ್ಮ ಟ್ರ್ಯಾಕ್ಟರಿನ ಕೆಳಗೆ ಒಂದು ರಟ್ಟು ಹಾಸಿದ. ಬೆಳಗಾಗುತ್ತಲೇ ಇಬ್ಬರೂ ಬಗ್ಗಿ ನೋಡಿದೆವು. ಒಂದು ತೊಟ್ಟೂ ಇರಲಿಲ್ಲ. "ಲೋಡು ಎಳುದ್ಮೇಲೆ ಹೇಳ್ಬೇಕು" ಎಂದ. ಎರಡು ದಿನ ಆಲೆಮನೆಗೆ ಕಬ್ಬು ಹೊತ್ತು ಬಂದ ಮೇಲೂ ರಟ್ಟು ಒಣಗಿಯೇ ಇತ್ತು.

ರಸೀತಿಯ ಮಾತನ್ನು ಅವನು ಎತ್ತಲಿಲ್ಲ. ಎತ್ತಬೇಕಾದವನು ನಾನು. ಬಸ್ಸಿಗೆ ಕಾಯುತ್ತಿದ್ದಾಗ ಹೇಗೋ, "ನಾನು ಹಾಗೆ ಕೇಳಬಾರದಿತ್ತು ಕಣೋ" ಎಂದೆ. ಅವನು ಕೈಯ ಮಸಿಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಹೇಳಿದ:

"ಬುಡಣ್ಣ. ಕೇಳ್ದೆ ಇದ್ದಿದ್ರೆ ನೀನು ಬರ್ತಾನೂ ಇರ್ಲಿಲ್ಲ."